ಗಣಕಯಂತ್ರದ ಕಣ, ಗಣಕಯಂತ್ರದ ಹಗೇವು



ಹುಮನಾಬಾದ ಸೀಮೆಯ ಬೇಮಳಖೇಡದ ರೈತನೊಬ್ಬನು ತನ್ನ ಹೊಲದ ಪಹಣಿ ಬೇಕೆಂದು ಕೇಳಿದರೆ ಗಣಕಯಂತ್ರವು ಕೆಲವೇ ಕ್ಷಣಗಳಲ್ಲಿ ಅದನ್ನು ಅಚ್ಚು ಹಾಕಿ ಕೊಡುತ್ತದೆ. ಸರ್ವೆ ನಂಬರು, ಎಕರೆ ಗುಂಟೆ, ಸ್ವಾಧೀನದಾರನ ಹೆಸರು, ಸಾಲದ ಬೋಜಾ, ಬೆಳೆ ಎಲ್ಲವೂ ಅದರಲ್ಲಿರುತ್ತವೆ. ಯಂತ್ರದಿಂದ ಬಂದದ್ದು ತಪ್ಪಾಗಲಾರದೆಂದು ನಂಬಿ ನಾವು ಅದನ್ನು ಓದದೆಯೇ ಮಡಚಿ ಪೆಟ್ಟಿಗೆಯಲ್ಲಿಡುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ? ಇದನ್ನು ತಿಳಿಯಬೇಕಾದರೆ ಆ ಯಂತ್ರವು ಮಾಹಿತಿಯನ್ನು ಹೇಗೆ ಸ್ವೀಕರಿಸುತ್ತದೆ, ಹೇಗೆ ಸಂಸ್ಕರಿಸುತ್ತದೆ, ಎಲ್ಲಿ ಕಾಯ್ದಿಡುತ್ತದೆ ಎಂಬುದನ್ನು ಅರಿಯಬೇಕು.

ನಮ್ಮ ಬೀದರ ಜಿಲ್ಲೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ಅಂದಿನ ಕಂದಾಯದ ದಫ್ತರಗಳು ಉರ್ದುವಿನಲ್ಲಿದ್ದವು. 1956ರಲ್ಲಿ ಜಿಲ್ಲೆಯು ಕನ್ನಡ ನಾಡಿನೊಡನೆ ಒಂದಾಯಿತು. ಮುಂದೆ ಬಹುಕಾಲ ಗ್ರಾಮ ಲೆಕ್ಕಿಗರ ಕೈಬರಹವೇ ಹೊಲದ ಒಡೆತನಕ್ಕೆ ಸಾಕ್ಷಿಯಾಗಿತ್ತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಬಳಿಕ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ಪುಸ್ತಕದಲ್ಲಿದ್ದುದನ್ನು ನೋಡಿ ಮನುಷ್ಯರೇ ಒಂದೊಂದು ಅಕ್ಷರವನ್ನೂ ಒತ್ತಿ ತುಂಬಿದರೆಂಬುದನ್ನು ಇಲ್ಲಿ ಮರೆಯಬಾರದು.

ಯಂತ್ರಕ್ಕೆ ಕನ್ನಡವೂ ಬಾರದು, ಉರ್ದುವೂ ಬಾರದು. ಅದಕ್ಕೆ ತಿಳಿದಿರುವುದು ಎರಡೇ ಸ್ಥಿತಿ: ವಿದ್ಯುತ್ತು ಇದೆ, ಇಲ್ಲ. ದೇವರ ಜಗಲಿಯ ಮೇಲೆ ಐದು ಹಣತೆಗಳನ್ನು ಸಾಲಾಗಿ ಇಟ್ಟಿರುವಿರೆಂದು ಭಾವಿಸಿರಿ. ಬಲದಿಂದ ಎಡಕ್ಕೆ ಅವುಗಳ ಬೆಲೆ 1, 2, 4, 8, 16 ಆಗಿರಲಿ. 16, 8 ಮತ್ತು 1ರ ಹಣತೆಗಳನ್ನು ಹಚ್ಚಿ ಉಳಿದೆರಡನ್ನು ಆರಿಸಿದರೆ ಒಟ್ಟು ಬೆಲೆ 25. ಈ ಐದೇ ಹಣತೆಗಳಿಂದ ಸೊನ್ನೆಯಿಂದ 31ರವರೆಗಿನ ಯಾವ ಸಂಖ್ಯೆಯನ್ನಾದರೂ ತೋರಿಸಬಹುದು. ಇಂತಹ ಒಂದು ಹಣತೆಗೆ ‘ಬಿಟ್’ ಎಂದೂ ಎಂಟು ಹಣತೆಗಳ ಒಂದು ಸಾಲಿಗೆ ‘ಬೈಟ್’ ಎಂದೂ ಹೆಸರು. ಒಂದು ಬೈಟಿನಲ್ಲಿ 256 ಬಗೆಯ ಜೋಡಣೆಗಳು ಸಾಧ್ಯ.

ಅಕ್ಷರಗಳ ಗತಿಯೇನು? ಅವಕ್ಕೂ ಸಂಖ್ಯೆಗಳೇ. ‘ಯೂನಿಕೋಡ್’ ಎಂಬ ಜಾಗತಿಕ ಪಟ್ಟಿಯಲ್ಲಿ ‘ಬ’ಕ್ಕೆ 3244, ‘ಸ’ಕ್ಕೆ 3256, ‘ವ’ಕ್ಕೆ 3253 ಎಂದು ಗೊತ್ತುಪಡಿಸಲಾಗಿದೆ. ನಾವು ಭಕ್ತಿಯಿಂದ ‘ಬಸವ’ ಎಂದು ಬರೆದರೆ ಯಂತ್ರಕ್ಕೆ ಅದು ಈ ಮೂರು ಸಂಖ್ಯೆಗಳ ಸಾಲು ಮಾತ್ರ. ಸ್ವರಚಿಹ್ನೆಗಳಿಗೂ ಬೇರೆ ಬೇರೆ ಸಂಖ್ಯೆಗಳಿವೆ: ಎತ್ವಕ್ಕೆ 3270, ಏತ್ವಕ್ಕೆ 3271. ಆದುದರಿಂದ ‘ಬೇಮಳಖೇಡ’ ಎಂಬಲ್ಲಿ ಮೊದಲ ದೀರ್ಘ ತಪ್ಪಿ ‘ಬೆಮಳಖೇಡ’ ಎಂದಾದರೆ ಓದುವ ನಮಗೆ ಅದೇ ಊರು. ಯಂತ್ರಕ್ಕೆ ಮಾತ್ರ ಬೇರೆಯೇ ಊರು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಕ್ರಮದಲ್ಲಿ ಕನ್ನಡದ ಇಂತಹ ಒಂದೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು. ಏಳು ಚಿಹ್ನೆಗಳ ಬೇಮಳಖೇಡಕ್ಕೆ 21 ಬೈಟು, ಅಂದರೆ 168 ಹಣತೆಗಳು!

ಇನ್ನು ಸಂಸ್ಕರಣೆ. ತಂದೆಯಿಂದ 2 ಎಕರೆ 25 ಗುಂಟೆ ಬಂದಿದೆ, ಕ್ರಯಕ್ಕೆ ಪಡೆದದ್ದು 1 ಎಕರೆ 30 ಗುಂಟೆ. ಯಂತ್ರವು ಮೊದಲು ಗುಂಟೆಗಳನ್ನು ಕೂಡಿ 55 ಎನ್ನುತ್ತದೆ. ‘ನಲವತ್ತು ಆದರೆ ಒಂದು ಎಕರೆ ಮಾಡು’ ಎಂಬ ನಿಯಮವನ್ನು ಅದಕ್ಕೆ ಬರೆದುಕೊಟ್ಟಿದ್ದರೆ 40 ಕಳೆದು, ಒಂದನ್ನು ಎಕರೆಗೆ ಸೇರಿಸಿ, 4 ಎಕರೆ 15 ಗುಂಟೆ ಎಂದು ಉತ್ತರಿಸುತ್ತದೆ. ನಿಯಮ ಬರೆದವರು ಮರೆತಿದ್ದರೆ 3 ಎಕರೆ 55 ಗುಂಟೆ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತದೆ. ಅದು ಲೆಕ್ಕವನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಡುತ್ತದೆ. ವಿವೇಕವನ್ನು ಮಾತ್ರ ನಾವೇ ಒದಗಿಸಬೇಕು.

ಸಂಗ್ರಹಣೆಯನ್ನು ತಿಳಿಯಲು ನಮ್ಮ ಸೀಮೆಯ ಜೋಳದ ರಾಶಿಯೇ ಸಾಕು. ಕಣದಲ್ಲಿ ತೂರುವುದು, ಅಳೆಯುವುದು, ಪಾಲು ಮಾಡುವುದು ನಡೆಯುತ್ತದೆ. ರಾಶಿ ಮುಗಿದ ಮೇಲೆ ಕಾಳು ಹಗೇವಿಗೆ ಇಳಿಯುತ್ತದೆ. ಗಣಕಯಂತ್ರದಲ್ಲಿಯೂ ಹೀಗೆಯೇ. ‘ರ‍್ಯಾಮ್’ ಎಂಬುದು ಅದರ ಕಣ. ನಡೆಯುತ್ತಿರುವ ಕೆಲಸವೆಲ್ಲ ಅಲ್ಲಿಯೇ. ವಿದ್ಯುತ್ತು ಹೋಯಿತೆಂದರೆ ಕಣ ಬರಿದಾಗುತ್ತದೆ. ‘ಹಾರ್ಡ್ ಡಿಸ್ಕ್’ ಎಂಬುದು ಹಗೇವು. ತಿರುಗುವ ತಟ್ಟೆಯ ಮೇಲೆ ಅತಿ ಸೂಕ್ಷ್ಮವಾದ ಕಾಂತದ ಗುರುತುಗಳಾಗಿ ಮಾಹಿತಿ ಉಳಿಯುತ್ತದೆ. ಪೆನ್ ಡ್ರೈವಿನಲ್ಲಿ ಅದು ಸೆರೆಹಿಡಿದ ವಿದ್ಯುದಂಶವಾಗಿ ಉಳಿಯುತ್ತದೆ. ಬರೆಯುತ್ತಿರುವಾಗ ಆಗಾಗ ‘ಸೇವ್’ ಮಾಡಿರೆಂದು ಮಕ್ಕಳಿಗೆ ಹೇಳುವುದರ ಅರ್ಥ, ಕಣದ ಕಾಳನ್ನು ಹಗೇವಿಗೆ ಇಳಿಸಿರೆಂದೇ.

ಆದರೆ ಹಗೇವಿಗೂ ನೀರು ನುಗ್ಗುವುದುಂಟು, ಡಿಸ್ಕೂ ಕೆಡುವುದುಂಟು. ಒಂದೇ ಕಡೆ ಇಟ್ಟದ್ದು ಸುರಕ್ಷಿತವಲ್ಲ. ಈ ಪಾಠ ಕಲ್ಯಾಣದ ಮಕ್ಕಳಾದ ನಮಗೆ ಹೊಸದೇನೂ ಅಲ್ಲ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಚದುರಿಹೋದರು; ವಚನಗಳು ಉಳಿದುದು ಅನೇಕ ಮನೆಗಳಲ್ಲಿ, ಮಠಗಳಲ್ಲಿ ತಾಳೆಯೋಲೆಯ ಪ್ರತಿಗಳು ಇದ್ದುದರಿಂದ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಆ ಓಲೆಗಳನ್ನು ಊರೂರು ಅಲೆದು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು; 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ತೆರೆದರು. ಓಲೆ, ಕಾಗದ, ಡಿಸ್ಕು ಬದಲಾಗಬಹುದು; ಪ್ರತಿ ಮಾಡಿ ಬೇರೆ ಬೇರೆ ಕಡೆ ಕಾಯ್ದಿಡಬೇಕೆಂಬ ನಿಯಮ ಬದಲಾಗದು. ಓಲೆಗೂ ಡಿಸ್ಕಿಗೂ ಇನ್ನೊಂದು ಹೋಲಿಕೆಯಿದೆ. ಪ್ರತಿಕಾರನ ಕೈತಪ್ಪು ಓಲೆಯಿಂದ ಓಲೆಗೆ ಸಾಗುವಂತೆ, ಒಮ್ಮೆ ತಪ್ಪಾಗಿ ತುಂಬಿದ್ದನ್ನು ಯಂತ್ರವೂ ಪ್ರತಿಯಿಂದ ಪ್ರತಿಗೆ ಸಾಗಿಸುತ್ತದೆ.

ಆದ್ದರಿಂದ ಒಂದು ವಿನಂತಿ. ಈ ಅಮಾವಾಸ್ಯೆಯೊಳಗೆ ಪೆಟ್ಟಿಗೆಯಲ್ಲಿನ ಪಹಣಿಯನ್ನು ಹೊರತೆಗೆಯಿರಿ. ಶಾಲೆಗೆ ಹೋಗುವ ಮಗಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿರಿ. ಮೂರನೆಯ ಕಲಮಿನಲ್ಲಿ ವಿಸ್ತೀರ್ಣ, ಒಂಬತ್ತರಲ್ಲಿ ಹೆಸರು, ಹನ್ನೊಂದರಲ್ಲಿ ಸಾಲದ ಬೋಜಾ ಇರುತ್ತದೆ. ಪಹಣಿಯಲ್ಲಿ ‘ಬಸಪ್ಪ’, ಆಧಾರಿನಲ್ಲಿ ‘ಬಸವಪ್ಪ’, ಬ್ಯಾಂಕಿನ ಪುಸ್ತಕದಲ್ಲಿ ‘ಬಸವರಾಜಪ್ಪ’ ಎಂದಿದ್ದರೆ ಊರಿಗೆಲ್ಲ ಅವರು ಒಬ್ಬರೇ. ಯಂತ್ರದ ಲೆಕ್ಕದಲ್ಲಿ ಮೂವರು. ತೀರಿಸಿದ ಸಾಲದ ಬೋಜಾ ಇನ್ನೂ ಉಳಿದಿದ್ದರೆ ಅದನ್ನೂ ಯಂತ್ರ ತಾನಾಗಿ ಅಳಿಸದು. ಹಿರಿಯರು ಬದುಕಿರುವಾಗಲೇ, ದಾಖಲೆಗಳು ಕೈಯಲ್ಲಿರುವಾಗಲೇ ತಹಸೀಲ್ದಾರರಿಗೆ ಅರ್ಜಿ ಕೊಟ್ಟು ತಿದ್ದಿಸಿಕೊಳ್ಳುವುದು ಲೇಸು. ಇಲ್ಲವಾದರೆ ನಾಳೆ ಪರಿಹಾರದ ಹಣಕ್ಕಾಗಿ, ಅಣ್ಣತಮ್ಮಂದಿರ ಪಾಲಿಗಾಗಿ ಮಕ್ಕಳು ಕಚೇರಿ ಅಲೆಯಬೇಕಾದೀತು.

ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ಲೆಕ್ಕದ ಕಾಯಕವನ್ನು ಶುದ್ಧವಾಗಿ ಮಾಡಿದವರು. ಗಣಕಯಂತ್ರವೂ ದಣಿವಿಲ್ಲದ ಕಾಯಕಜೀವಿಯೇ. ಕೊಟ್ಟದ್ದನ್ನು ಕದಿಯದು, ಮರೆಯದು. ಆದರೆ ಕೊಟ್ಟದ್ದು ಸತ್ಯವೇ ಎಂದು ಅದು ಕೇಳದು. ಆ ಪ್ರಶ್ನೆಯನ್ನು ಕೇಳುವ ಕಾಯಕ ನಮ್ಮದು.