ಒಂದು ಬಟ್ಟಲೆಂದರೆ ಎಷ್ಟು?

ಒಂದು ಬಟ್ಟಲು ಓಟ್ಸ್ ಎಷ್ಟು ಗ್ರಾಂ ತೂಗುತ್ತದೆ? ಈ ಪ್ರಶ್ನೆಗೆ ಒಂದೇ ಸಂಖ್ಯೆಯಲ್ಲಿ ಉತ್ತರ ಹೇಳುವ ಪಟ್ಟಿಗಳು ಅಡುಗೆಯ ಪುಸ್ತಕಗಳಲ್ಲಿ ಉಂಟು. ಅಂತಹ ಉತ್ತರವನ್ನು ಹಾಗೆಯೇ ಒಪ್ಪಬಾರದೆಂಬುದು ನನ್ನ ಅಭಿಪ್ರಾಯ.

ನೀರಿನ ವಿಷಯದಲ್ಲಿ ತೊಡಕಿಲ್ಲ. 250 ಮಿಲಿಲೀಟರು ನೀರು ಸುಮಾರು 250 ಗ್ರಾಂ ತೂಗುತ್ತದೆ. ಧಾನ್ಯದ ಸಂಗತಿ ಬೇರೆ. ಪಾತ್ರೆಗೆ ಧಾನ್ಯವನ್ನು ಸುರಿದಾಗ ಕಾಳುಗಳ ನಡುವೆ ಗಾಳಿಯೂ ಸ್ಥಳ ಹಿಡಿಯುತ್ತದೆ. ಒಂದೇ ಗಾತ್ರದ ಗುಂಡುಗಳನ್ನು ಎಷ್ಟೇ ಜಾಣತನದಿಂದ ಜೋಡಿಸಿದರೂ ಅವು ಸ್ಥಳದ ನೂರಕ್ಕೆ ಸುಮಾರು 74 ಭಾಗವನ್ನು ಮೀರಿ ತುಂಬಲಾರವೆಂದು 1611ರಲ್ಲಿ ಕೆಪ್ಲರನು ಊಹಿಸಿದನು. ಥಾಮಸ್ ಹೇಲ್ಸ್ ಎಂಬ ಗಣಿತಜ್ಞರು ಅದರ ಸಾಧನೆಯನ್ನು 1998ರಲ್ಲಿ ಮುಂದಿಟ್ಟರು. ಸುಮ್ಮನೆ ಸುರಿದು ಅಲುಗಿಸಿದ ಗುಂಡುಗಳು ತುಂಬುವುದು ಸುಮಾರು 64 ಭಾಗವನ್ನು ಮಾತ್ರ.

ಓಟ್ಸ್ ಗುಂಡೂ ಅಲ್ಲ, ಒಂದೇ ಬಗೆಯದೂ ಅಲ್ಲ. ಕಾಳನ್ನು ಹಬೆಯಲ್ಲಿ ಹದಮಾಡಿ ಉರುಳೆಗಳ ನಡುವೆ ಚಪ್ಪಟೆ ಮಾಡಿದರೆ ಅವಲಕ್ಕಿಯಂತಹ ಪದರುಗಳಾಗುತ್ತವೆ. ಇವು ಅಡ್ಡಾದಿಡ್ಡಿಯಾಗಿ ಬಿದ್ದು ನಡುವೆ ಬಹಳ ತೆರಪನ್ನು ಬಿಡುತ್ತವೆ. ಕಾಳನ್ನು ಚಪ್ಪಟೆ ಮಾಡದೆ ಕತ್ತರಿಸಿದರೆ ನುಚ್ಚಾಗುತ್ತದೆ. ನುಚ್ಚು ಒತ್ತಾಗಿ ಕೂರುತ್ತದೆ. ಆದುದರಿಂದಲೇ 40 ಗ್ರಾಂ ಪದರು ಸುಮಾರು ಅರ್ಧ ಬಟ್ಟಲಾದರೆ, 40 ಗ್ರಾಂ ನುಚ್ಚು ಸುಮಾರು ಕಾಲು ಬಟ್ಟಲು. ಧಾನ್ಯ ಒಂದೇ, ತೂಕವೂ ಒಂದೇ. ಗಾತ್ರ ಮಾತ್ರ ಇಮ್ಮಡಿ.

ಇದು ಕೇವಲ ಗಂಜಿಯ ಹದದ ಪ್ರಶ್ನೆಯಲ್ಲ. ಓಟ್ಸ್‌ನ ತೂಕದಲ್ಲಿ ಸುಮಾರು ಮೂರನೆಯ ಎರಡು ಭಾಗ ಕಾರ್ಬೊಹೈಡ್ರೇಟು. ಅರ್ಧ ಬಟ್ಟಲು ಪದರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪಥ್ಯದ ಚೀಟಿಯನ್ನು ಓದಿ, ಮಧುಮೇಹವುಳ್ಳವರೊಬ್ಬರು ಅರ್ಧ ಬಟ್ಟಲು ನುಚ್ಚನ್ನು ಬೇಯಿಸಿದರೆ, ಸುಮಾರು 27 ಗ್ರಾಂ ಇರಬೇಕಾದಲ್ಲಿ 53 ಗ್ರಾಂ ಕಾರ್ಬೊಹೈಡ್ರೇಟು ಅವರ ಹೊಟ್ಟೆ ಸೇರುತ್ತದೆ. ಚೀಟಿಯನ್ನು ಅವರು ಅಕ್ಷರಶಃ ಪಾಲಿಸಿದ್ದರೂ ಪಥ್ಯ ಕೆಟ್ಟಿತು.

ಬಟ್ಟಲಿನ ಅಳತೆಯನ್ನು ಸುಧಾರಿಸುವ ಯತ್ನಗಳು ನಡೆಯದೆ ಇಲ್ಲ. ಅಮೆರಿಕದ ಫ್ಯಾನಿ ಫಾರ್ಮರ್ ಅವರು 1896ರಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ, ಅಳತೆಯನ್ನು ಅಂಚಿಗೆ ಸರಿಯಾಗಿ ಸವರಬೇಕೆಂದು ಒತ್ತಿ ಹೇಳಿದರು. ಇದರಿಂದ ಗೋಪುರದಂತೆ ತುಂಬುವ ಗೊಂದಲ ತಪ್ಪಿತು. ಒಳಗಿನ ಗಾಳಿಯ ಗೊಂದಲ ಉಳಿಯಿತು. ಬಟ್ಟಲೂ ಎಲ್ಲೆಡೆ ಒಂದೇ ಅಲ್ಲ: ಅಮೆರಿಕದ್ದು ಸುಮಾರು 237 ಮಿಲಿಲೀಟರು, ಆಸ್ಟ್ರೇಲಿಯದ್ದು 250.

ನಮ್ಮ ನಾಡಿಗೂ ಇಂತಹ ತೊಡಕು ಹೊಸದಲ್ಲ. ಹಿಂದೆ ತೂಕದ ಸೇರು ಬೇರೆ, ಅಳತೆಯ ಸೇರು ಬೇರೆ ಇದ್ದವು. ಒಂದೇ ಹೆಸರು ಎರಡು ಬೇರೆ ಪರಿಮಾಣಗಳನ್ನು ಸೂಚಿಸುತ್ತಿತ್ತು. 1956ರ ಕಾನೂನಿನ ಮೇರೆಗೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಜಾರಿಗೆ ಬರತೊಡಗಿದವು. ಅಂಗಡಿಯಿಂದ ಹೊರಟುಹೋದ ಗೊಂದಲವನ್ನು ಅಡುಗೆಮನೆಗೆ ಮರಳಿ ಕರೆಯುವುದೇಕೆ?

ನಮ್ಮ ತಾಯಂದಿರು ತೂಗದೆಯೇ ಸೊಗಸಾಗಿ ಅಡುಗೆ ಮಾಡಲಿಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ಮನೆಯ ಪಾವು, ಮನೆಯ ಧಾನ್ಯ, ಪಳಗಿದ ಕೈ ಇರುವಲ್ಲಿ ಕಣ್ಣಂದಾಜು ಸಾಕು. ಆದರೆ ತಿಳಿವಳಿಕೆಯು ಬರೆಹದ ಮೂಲಕ ಕಾಣದ ಊರಿಗೆ ಹೋಗಬೇಕಾದರೆ ಆ ಕೈ ಜೊತೆಯಲ್ಲಿ ಹೋಗಲಾರದು, ಗ್ರಾಂ ಹೋಗಬಲ್ಲದು.

ಪರಿವರ್ತನೆ ಬೇಕೇಬೇಕೆಂದಾದರೆ ವಿದ್ಯಾರ್ಥಿಗಳು ಅದನ್ನು ತಾವೇ ಕಂಡುಕೊಳ್ಳಲಿ. ಬಟ್ಟಲನ್ನು ಬರಿದಾಗಿ ತೂಗಿ. ಧಾನ್ಯವನ್ನು ಅದುಮದೆ ತುಂಬಿ, ಅಂಚನ್ನು ಸವರಿ, ಮತ್ತೆ ತೂಗಿ. ಹೀಗೆ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಬಳಿಕ ಬಟ್ಟಲನ್ನು ಮೇಜಿಗೆ ಮೆಲ್ಲಗೆ ತಟ್ಟಿ ನೋಡಿರಿ: ಮಟ್ಟ ಕುಸಿಯುವುದು, ತೂಕ ಬದಲಾಗದು. ಪಾಕಗ್ರಂಥ ಬರೆಯುವವರೂ ಪಥ್ಯ ಹೇಳುವವರೂ ಧಾನ್ಯದ ಬಗೆಯನ್ನೂ ಗ್ರಾಂ ಲೆಕ್ಕವನ್ನೂ ಮೊದಲು ಬರೆದು, ಬಟ್ಟಲಿನ ಲೆಕ್ಕವನ್ನು ಅದರ ಪಕ್ಕದಲ್ಲಿ ಅಂದಾಜೆಂದೇ ಕಾಣಿಸಲಿ.