ಕೊಟ್ಟರೂ ಬೈಗುಳ, ಕೊಡದಿದ್ದರೂ ಬೈಗುಳ

ಜಹೀರಾಬಾದಿನ ನಮ್ಮ ಮನೆಯಲ್ಲಿ ಮಗ ಆಡುವ, 2004ರ ‘ದಿ ಸಿತ್ ಲಾರ್ಡ್ಸ್’ ಎಂಬ ‘ಸ್ಟಾರ್ ವಾರ್ಸ್’ ಆಟವನ್ನು ನಾನೂ ಕೂತು ನೋಡಿದೆ. ಅದರಲ್ಲಿ ಕ್ರೇಯಾ ಎಂಬ ಮುದುಕಿ ನಾಯಕನಿಗೆ ಜೊತೆಗಾತಿ, ಗುರುವೂ ಹೌದು. ನಾರ್ ಶಡ್ಡಾದಲ್ಲಿ ಭಿಕ್ಷುಕನಿಗೆ ಕಾಸು ಕೊಟ್ಟರೆ, ಅವನನ್ನು ಇನ್ನೊಬ್ಬ ದೋಚುವುದನ್ನು ತೋರಿಸಿ ಗದರುತ್ತಾಳೆ. ಕೊಡದಿದ್ದರೆ, ಅವನೇ ಇನ್ನೊಬ್ಬನ ಮೇಲೆ ಬೀಳುವುದನ್ನು ತೋರಿಸಿ ಗದರುತ್ತಾಳೆ. ಇದನ್ನು ತತ್ವಜ್ಞಾನವೆಂದು ಕೊಂಡಾಡುವವರಿದ್ದಾರೆ. ಫಲ ಎರಡನ್ನೂ ಮೊದಲೇ ಬರೆದಿಟ್ಟವರು ಕಥೆಗಾರರೇ ತಾನೆ? ಸೋಲಲು ಎಡೆಯೇ ಇಲ್ಲದ ವಾದದಲ್ಲಿ ಗೆಲುವೇನು ಬಂತು! ಹರಿಶ್ಚಂದ್ರನ ಬೆನ್ನು ಬಿದ್ದ ನಕ್ಷತ್ರಕನೇ ವಾಸಿ, ಬಾಕಿ ತೀರಿದ ಮೇಲೆ ಹೊರಟುಹೋದ. ಬ್ಯಾಂಕಿನ ಗುಮಾಸ್ತನಾದ ನನಗೆ ವಸೂಲಿ ಗೊತ್ತು. ಈಕೆಯದು ಅಸಲೆಷ್ಟೆಂದೇ ಹೇಳದ ಸಾಲ. ಸಾಲದ್ದಕ್ಕೆ ಕೊನೆಯಲ್ಲಿ ಈಕೆಯೇ ಡಾರ್ತ್ ಟ್ರಾಯಾ, ದ್ರೋಹದ ಒಡತಿ! ಮಗ ಮೊನ್ನೆ ಮತ್ತೆ ಕಾಸು ಕೊಟ್ಟ, ಬೈಸಿಕೊಂಡ.