“ನೋಡಬೇಕು”

ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಗೆ ವಿಶ್ವವಿದ್ಯಾನಿಲಯದ ಪ್ರಶ್ನಪತ್ರಿಕೆಗಿಂತಲೂ ಕಠಿಣವಾದ ಪ್ರಶ್ನೆಯೊಂದಿದೆ. “ಮುಂದೇನು?” ಎಂಬುದೇ ಆ ಪ್ರಶ್ನೆ. ಬಸ್ ನಿಲ್ದಾಣದಲ್ಲಿ ಕಂಡವರು ಕೇಳುತ್ತಾರೆ, ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕುಳಿತಾಗ ಪಕ್ಕದವರು ಕೇಳುತ್ತಾರೆ, ನಮ್ಮ ಮನೆಗೆ ಕಾಯಿ ಸುಲಿಯಲು ಬಂದವರೂ ಒಂದು ಗಳಿಗೆ ಕೈ ನಿಲ್ಲಿಸಿ, “ಬಿ.ಎ. ಮುಗೀತಲ್ಲಪ್ಪ, ಮುಂದೇನು?” ಎನ್ನುತ್ತಾರೆ. ಉತ್ತರ ಗೊತ್ತಿರುವ ಭಾಗ್ಯಶಾಲಿಗಳು ಥಟ್ಟನೆ ಹೇಳಿಬಿಡುತ್ತಾರೆ. ನನ್ನಂಥವರು “ನೋಡಬೇಕು” ಎಂದು ತಲೆ ಕೆರೆದುಕೊಳ್ಳುತ್ತೇವೆ.

ಈ “ನೋಡಬೇಕು” ಎಂಬುದನ್ನು ಹಿರಿಯರು ತಪ್ಪಿಸಿಕೊಳ್ಳುವ ಮಾತೆಂದು ತಿಳಿಯುತ್ತಾರೆ. ನಾನೂ ಬಹುಕಾಲ ಹಾಗೆಯೇ ತಿಳಿದು ನಾಚಿಕೊಂಡಿದ್ದೆ. ಆದರೆ ಆ ಪದವನ್ನು ಅದರ ನೇರವಾದ ಅರ್ಥದಲ್ಲಿಯೇ ತೆಗೆದುಕೊಂಡರೆ, ನಮ್ಮಂಥವರು ಕೊಡಬಹುದಾದ ಸತ್ಯವಾದ ಉತ್ತರ ಅದೊಂದೇ ಎಂದು ಈಚೆಗೆ ನನಗೆ ತೋರುತ್ತಿದೆ.

ದಸರೆಯ ರಜೆಯಲ್ಲಿ ಒಂದು ದಿನ, ನಾನು ಹತ್ತಿರದಿಂದ ಕಂಡಿರುವ ಉದ್ಯೋಗಗಳು ಎಷ್ಟು ಎಂದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪಟ್ಟಿ ಮಾಡಲು ಕುಳಿತೆ. ಬೇಸಾಯ, ಶಾಲೆಯ ಮೇಷ್ಟರ ಕೆಲಸ, ಬಸ್ಸಿನ ಕಂಡಕ್ಟರು, ನಾವು ಇಂದಿಗೂ ‘ಶಾನುಭೋಗರು’ ಎಂದೇ ಕರೆಯುವ ಗ್ರಾಮ ಆಡಳಿತಾಧಿಕಾರಿ, ಪೊಲೀಸು, ಆಸ್ಪತ್ರೆಯ ನರ್ಸು, ಕೊಬ್ಬರಿ ಮಂಡಿಯ ಗುಮಾಸ್ತರು. ಏಳಕ್ಕೆ ಪಟ್ಟಿ ನಿಂತುಹೋಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಕೀಲರಾದ ಸೋದರಮಾವನಾಗಲಿ, ಬ್ಯಾಂಕಿನಲ್ಲಿರುವ ಚಿಕ್ಕಮ್ಮನಾಗಲಿ ನನಗಿಲ್ಲ. ಅಂಥವರ ಮನೆಯ ಮಕ್ಕಳು ಊಟದ ಹೊತ್ತಿನಲ್ಲಿ ಕಿವಿಗೆ ಬಿದ್ದ ಮಾತಿನಿಂದಲೇ ಹತ್ತಾರು ಉದ್ಯೋಗಗಳ ಒಳಹೊರಗನ್ನು ತಿಳಿದಿರುತ್ತಾರೆ. ನಾವು ಪ್ರಪಂಚದ ಎಲ್ಲ ಉದ್ಯೋಗಗಳನ್ನೂ ಮುಂದಿಟ್ಟುಕೊಂಡು ಯಾವುದನ್ನು ಹಿಡಿಯಲೆಂದು ತೊಳಲಾಡುತ್ತಿದ್ದೇವೆಂದು ಜನ ಭಾವಿಸುತ್ತಾರೆ. ನಿಜಸ್ಥಿತಿ ಬೇರೆ. ನಾವು ಕಂಡಿರುವುದೇ ಏಳು. ಕಾಣದ್ದನ್ನು ಆರಿಸುವುದು ಹೇಗೆ?

ನಮ್ಮ ಸೀಮೆಯ ಉಂಡೆ ಕೊಬ್ಬರಿ ಆಗುವ ರೀತಿ ವಾಚಕರಿಗೆ ಗೊತ್ತೇ ಇದೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲಿಯೇ ಇರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟವನ್ನು ಬಿಟ್ಟು ಗಿಟಕಾಗಬೇಕು. ನಮ್ಮ ಅಪ್ಪ ಒಂದು ಕಾಯನ್ನು ಕಿವಿಯ ಬಳಿ ಅಲುಗಿಸಿ, “ಇದು ಆಗಿದೆ; ಇದಕ್ಕೆ ಇನ್ನೂ ಎರಡು ತಿಂಗಳು ಬೇಕು” ಎಂದು ಹೇಳಿಬಿಡುತ್ತಾರೆ. ಒಡೆದು ನೋಡಿದರೆ ಆ ಮಾತು ತಪ್ಪಿರುವುದಿಲ್ಲ. ಅದೇ ಅಪ್ಪ ನನ್ನ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, “ಇದರಿಂದ ಏನಾಗುತ್ತೆ ಅಂತ ನನಗೇನು ಗೊತ್ತು ಮಗ? ನೀನೇ ನೋಡಬೇಕು” ಎಂದು ಹಿಂದಕ್ಕೆ ಕೊಟ್ಟರು. ಅವರು ಮೂವತ್ತು ವರ್ಷ ಕಾಯನ್ನು ಮುಟ್ಟಿದವರು. ಅಂಕಪಟ್ಟಿಯನ್ನು ಮುಟ್ಟಿದ್ದು ಅದೇ ಮೊದಲು. ಮುಟ್ಟದೆ ಬಲ್ಲವರು ಯಾರೂ ಇಲ್ಲ.

ಹೀಗೆ ಕಣ್ಣಿಗೆ ಕಂಡದ್ದು ಕಡಿಮೆಯಾದಾಗ ಎಲ್ಲರೂ ಹಿಡಿಯುವ ದಾರಿ ಒಂದೇ: ಸರ್ಕಾರಿ ಪರೀಕ್ಷೆ. ಇದನ್ನು ಹಾಸ್ಯ ಮಾಡುವವರ ಜೊತೆ ನಾನು ಸೇರಲಾರೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತಲೂ ಬಹಳ ಕೆಳಗೆ ಇಳಿದು, ರೈತರು ಬೀದಿಗಿಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ವರ್ಷ ಮನೆಯಲ್ಲಿ ಒಂದು ತಿಂಗಳ ಸಂಬಳ ಬರುತ್ತಿದ್ದವರು ನೆಮ್ಮದಿಯಾಗಿ ಮಲಗಿದರು. ಉಳಿದವರು ಅಟ್ಟದ ಕಡೆ ನೋಡುತ್ತಾ ಮಲಗಿದರು. ಅದನ್ನು ಅನುಭವಿಸಿದ ತಂದೆತಾಯಿಗಳು “ಒಂದು ಸರ್ಕಾರಿ ಕೆಲಸ ಹಿಡಿ” ಎಂದರೆ ಅದರಲ್ಲಿ ವಿವೇಕವಿದೆ.

ಆದರೆ ಅದೊಂದನ್ನೇ ನಂಬಿ ಕುಳಿತವರ ಗತಿಯನ್ನೂ ನೋಡಬೇಕು. 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯನ್ನು 2024ರ ಆಗಸ್ಟಿನಲ್ಲಿ ನಡೆಸಿ, ಕನ್ನಡ ಅನುವಾದದ ತಪ್ಪುಗಳಿಂದಾಗಿ ಅದೇ ಡಿಸೆಂಬರಿನಲ್ಲಿ ಮತ್ತೆ ನಡೆಸಬೇಕಾಯಿತು. ಆಗಲೂ ಅನುವಾದದ ದೂರು ತಪ್ಪಲಿಲ್ಲ. ಇದರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ಅಭ್ಯರ್ಥಿಯ ತಪ್ಪೇನು? ಏನೂ ಇಲ್ಲ. ಆದರೂ ವರ್ಷಗಳು ಕಳೆದುಹೋದದ್ದು ಅವನದೇ. ನಮ್ಮೂರಿನ ಒಬ್ಬ ಅಣ್ಣ ಐದು ವರ್ಷ ಬೆಂಗಳೂರಿನಲ್ಲಿ ಕೋಣೆ ಹಿಡಿದು ಓದಿದರು. ಬುದ್ಧಿವಂತರು, ಎರಡು ಬಾರಿ ಹತ್ತಿರ ಬಂದು ತಪ್ಪಿತು. ಈಗ ಊರಿಗೆ ಬಂದರೆ ರಾತ್ರಿಯ ಬಸ್ಸಿಗೆ ಬರುತ್ತಾರೆ, ಬೆಳಗಿನ ಬಸ್ಸಿಗೆ ಬಂದರೆ “ಏನಾಯಿತು?” ಎಂದು ಕೇಳುವವರು ದಾರಿಯಲ್ಲಿರುತ್ತಾರೆ. ಅವರನ್ನು ಕಂಡಾಗ, ಪರೀಕ್ಷೆ ಬರೆಯುವುದು ತಪ್ಪಲ್ಲ, ಗಡುವಿಲ್ಲದೆ ಬರೆಯುವುದು ತಪ್ಪು ಎನ್ನಿಸುತ್ತದೆ. ‘ಯುವನಿಧಿ’ ಯೋಜನೆಯಲ್ಲಿ ಪದವೀಧರ ನಿರುದ್ಯೋಗಿಗೆ ತಿಂಗಳಿಗೆ 3,000 ರೂಪಾಯಿ ಕೊಡಲು ಒಪ್ಪಿದ ಸರ್ಕಾರವೂ ಎರಡು ವರ್ಷಕ್ಕೆ ಮಿತಿ ಹಾಕಿದೆಯಲ್ಲವೆ? ಆ ಮಿತಿಯನ್ನು ನಮಗೆ ನಾವೇ ಹಾಕಿಕೊಂಡರೆ ನಷ್ಟವೇನು?

ಇನ್ನು ಕೆಲವರ ಉಪದೇಶ ಇದಕ್ಕೆ ತದ್ವಿರುದ್ಧವಾದುದು. 2025ರಲ್ಲಿ ಕೊಬ್ಬರಿಯ ಧಾರಣೆ ಕ್ವಿಂಟಾಲಿಗೆ ಇಪ್ಪತ್ತೈದು ಸಾವಿರವನ್ನೂ ದಾಟಿತು. ಎರಡು ವರ್ಷದ ಹಿಂದೆ “ಈ ಮಣ್ಣಿನಿಂದ ಪಾರಾಗು” ಎಂದವರೇ “ತೋಟ ಇದ್ದೂ ಯಾರದೋ ಕೈಕೆಳಗೆ ಯಾಕೆ ದುಡೀತೀಯ?” ಎನ್ನತೊಡಗಿದರು. ಅಪ್ಪ ಮಾತ್ರ, “ಬೆಲೆ ನೋಡಿ ತೋಟಕ್ಕೆ ಬರಬೇಡ. ಬೆಲೆ ಇಳಿದ ದಿವಸ ಮರ ಬೈತೀಯ” ಎಂದರು. ಸಸಿ ನೆಟ್ಟರೆ ಫಲ ಕಾಣಲು ಆರೇಳು ವರ್ಷ ಬೇಕು. ಫಲಕ್ಕೆ ಬಂದ ಮರ ನಮ್ಮನ್ನೂ ಮೀರಿ ಬದುಕೀತು. ಅಂಥ ಕೆಲಸವನ್ನು ಒಂದು ವರ್ಷದ ಧಾರಣೆ ನೋಡಿ ಹಿಡಿಯುವುದು, ಒಂದು ಅಧಿಸೂಚನೆ ನೋಡಿ ಜೀವನವನ್ನು ಗೊತ್ತುಮಾಡಿದಷ್ಟೇ ಅವಿವೇಕ. ತೋಟವೂ ಒಂದು ಉದ್ಯೋಗ. ಸೋತವನ ಆಶ್ರಯವೆಂದು ಅದನ್ನು ಹಿಡಿಯಬಾರದು. ಹಿಡಿದರೆ ಬಲ್ಲವನಾಗಿ ಹಿಡಿಯಬೇಕು.

ಆ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ನಾನು ಒಂದು ದಿನ ಅಪ್ಪನ ಜೊತೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋದೆ. ಚಿಕ್ಕಂದಿನಿಂದ ಹೋಗಿದ್ದ ಸ್ಥಳವೇ. ಆದರೆ ಅಂದು, ಇಲ್ಲಿ ಯಾರು ಯಾರು ಏನೇನು ಮಾಡಿ ಬದುಕುತ್ತಾರೆ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಗಾತ್ರ, ಬಣ್ಣ ನೋಡಿ ಕೊಬ್ಬರಿಯನ್ನು ವಿಂಗಡಿಸುವವರು, ತೂಕದವರು, ಕಂಪ್ಯೂಟರಿನಲ್ಲಿ ಟೆಂಡರು ನಡೆಸುವವರು, ಸಮಿತಿಯ ಕಚೇರಿಯವರು, ಸಾಲದ ಕಾಗದ ನೋಡುವ ಬ್ಯಾಂಕಿನವರು, ಉತ್ತರ ಭಾರತಕ್ಕೆ ಲಾರಿ ಗೊತ್ತುಮಾಡುವವರು. ಒಬ್ಬ ಗುಮಾಸ್ತರನ್ನು ಮಾತಿಗೆಳೆದೆ. ಅವರೂ ಬಿ.ಎ.! ಉತ್ತರದ ವ್ಯಾಪಾರಿಗಳ ಜೊತೆ ದೂರವಾಣಿಯಲ್ಲಿ ಮಾತಾಡುತ್ತಲೇ ಹಿಂದಿ ಕಲಿತರಂತೆ. “ನಿನಗೆ ಹಿಂದಿ, ಲೆಕ್ಕ ಎರಡೂ ಬಂದರೆ ಇಲ್ಲಿ ಕೆಲಸಕ್ಕೆ ಬರವಿಲ್ಲ, ಬಾರದಿದ್ದರೆ ಸಂಬಳ ನನ್ನಷ್ಟೇ” ಎಂದು ನಕ್ಕರು. ಸಿಪ್ಪೆ ನಾರಿಗೆ ಹೋಗುತ್ತದೆ, ಕರಟ ಇದ್ದಿಲಿಗೆ ಹೋಗುತ್ತದೆ. ಅವುಗಳ ಹಿಂದೆ ಬೇರೆ ಬೇರೆ ಕಾರ್ಖಾನೆಗಳು. ಪಕ್ಕದ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೇ ಇದೆ. ಸಂಜೆ ಮನೆಗೆ ಬರುವಾಗ ಪಟ್ಟಿ ಹತ್ತೊಂಬತ್ತಕ್ಕೆ ಏರಿತ್ತು. ಇಪ್ಪತ್ತು ವರ್ಷ ನಾನು ಕಂಡಿದ್ದೆ, ನೋಡಿರಲಿಲ್ಲ.

ಮೊದಲು ಹಿಡಿದ ದಾರಿಯೇ ಕಡೆಯ ದಾರಿ ಎಂಬ ಭಯವೂ ನಮ್ಮನ್ನು ಕಾಡುತ್ತದೆ. ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀ.ಯವರು ಕಾನೂನು ಓದಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಹುಕಾಲ ಇಂಗ್ಲಿಷ್ ಪಾಠ ಹೇಳಿದರು. ನಾಡು ಅವರನ್ನು ಇಂದು ನೆನೆಯುವುದು ಕನ್ನಡಕ್ಕಾಗಿ. ಇಂಗ್ಲಿಷ್ ಪಾಠ ವ್ಯರ್ಥವಾಗಲಿಲ್ಲ. ಆ ಪಾಠದೊಳಗಿನಿಂದಲೇ ‘ಇಂಗ್ಲಿಷ್ ಗೀತಗಳು’ ಬಂತು. ನಾವು ಅಂಥ ದೊಡ್ಡವರಲ್ಲ, ನಿಜ. ಆದರೆ ಶ್ರದ್ಧೆಯಿಂದ ಮಾಡಿದ ಒಂದು ಕೆಲಸ ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆಂಬ ನಿಯಮ ಸಣ್ಣವರಿಗೂ ಅನ್ವಯಿಸಬೇಕು.

ಆದುದರಿಂದ ನನ್ನ ಸೂಚನೆ ಇಷ್ಟೆ. ಸಹಪಾಠಿಗಳು ಪರೀಕ್ಷೆಯ ಅರ್ಜಿಗಳನ್ನು ತುಂಬಲಿ. ಅದರ ಜೊತೆಗೆ, ತಮಗೆ ತಿಳಿಯದ ಮೂರು ಕೆಲಸಗಳ ಬಳಿ ಒಂದೊಂದು ದಿನ ನಿಂತು ನೋಡಲಿ. ನಮ್ಮ ಕಾಲೇಜು, ಇಲ್ಲಿಂದ ಓದಿ ಹೋದವರನ್ನು ತಿಂಗಳಿಗೊಬ್ಬರಂತೆ ಒಂದು ಶನಿವಾರ ಕರೆಸಲಿ. ಗೆದ್ದ ಕಥೆಯನ್ನು ಅವರು ಹೇಳಬೇಕಾಗಿಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಏನು ಮಾಡುತ್ತೇವೆ, ಸಂಬಳವೆಷ್ಟು, ಬೇಸರವೆಲ್ಲಿ ಎಂಬುದನ್ನು ಹೇಳಿದರೆ ಸಾಕು. ಇದಕ್ಕೆ ಖರ್ಚು ಒಂದು ಲೋಟ ಕಾಫಿ. ಮನೆಯಲ್ಲಿ ಹೇಳುವವರಿಲ್ಲದ ನಮ್ಮಂಥವರಿಗೆ ಅದೇ ಸೋದರಮಾವನ ಮಾತಾದೀತು. ಹಿರಿಯರು “ಯಾವ ಹುದ್ದೆ?” ಎಂದು ಕೇಳುವ ಬದಲು “ಏನು ನೋಡಿಕೊಂಡು ಬಂದೆ?” ಎಂದು ಕೇಳಲಿ, ಅದಕ್ಕೆ ಉತ್ತರ ಹೇಳಲು ನಮಗೂ ಉತ್ಸಾಹವಿರುತ್ತದೆ.

ನನ್ನ ವಿಷಯಕ್ಕೆ ಬಂದರೆ, ನಾನು ಇನ್ನೂ ನಿಶ್ಚಯಿಸಿಲ್ಲ. ಎರಡು ವರ್ಷ ಪರೀಕ್ಷೆಗಳನ್ನು ಬರೆಯುತ್ತೇನೆ, ಮೂರನೆಯ ವರ್ಷ ಬರೆಯುವುದಿಲ್ಲ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಬೇಸಗೆಯಲ್ಲಿ ಆ ಗುಮಾಸ್ತರ ಪಕ್ಕದಲ್ಲಿ ಕುಳಿತು ಲೆಕ್ಕ ಬರೆಯಲು ಒಪ್ಪಿಗೆ ಸಿಕ್ಕಿದೆ. ಹಿಂದಿಯ ಅಕ್ಷರಗಳನ್ನು ಮತ್ತೆ ತಿದ್ದುತ್ತಿದ್ದೇನೆ. ಮೊನ್ನೆ ಕಾಯಿ ಸುಲಿಯಲು ಬಂದವರು ಎಂದಿನಂತೆ “ಮುಂದೇನಪ್ಪ?” ಎಂದರು. “ನೋಡಬೇಕು” ಎಂದೆ. ಈ ಬಾರಿ ತಲೆ ಕೆರೆದುಕೊಳ್ಳಲಿಲ್ಲ.